ಪ್ಲಾಸ್ಟಿಕ್ ಹುಲ್ಲಿಗೆ ಕುಡ್ಲು

ಹರಿದ ಪ್ಲಾಸ್ಟಿಕ್ ಹುಲ್ಲಿಗೆ ತೇಪೆ ಹಾಕೋದು ನನ್ನ ಕಸುಬು. ಆಲೂರು, ಸಕಲೇಶಪುರದ ಕಡೆ ಈಗ ಎಷ್ಟೋ ಮನೆ ಅಂಗಳದಲ್ಲಿ ಈ ಹಸಿರು ಹಾಸು ಐತೆ. ಕೆಸರು ಬೇಡ, ಕಳೆ ಕೀಳೋ ತಾಪತ್ರಯ ಬೇಡ ಅಂತ ಹಾಸ್ಕೋತಾರೆ. ಆಮೇಲೆ ಅದರ ಮೇಲೇ ಮೆಣಸು ಒಣಗಾಕಿ, ಕಬ್ಬಿಣದ ಹಲ್ಲಿನ ರೇಕಿನಲ್ಲಿ ಎಳೆದೂ ಎಳೆದೂ ಹರ್ಕೋತಾರೆ. ಕಣ ಮುಚ್ಚಿದ್ರೂ ಕೈಗೆ ಕಣದ ಅಭ್ಯಾಸ ಹೋಗಲ್ಲ. ನಂಗೆ ಬಾಯಿ ಜಾಸ್ತಿ, ಕೋಪ ಅದಕ್ಕಿಂತ ಜಾಸ್ತಿ. ಗೊತ್ತಿದ್ದೂ ನನ್ನನ್ನೇ ಕರೀತಾರೆ, ಸುತ್ತಮುತ್ತ ಈ ಕೆಲಸ ಮಾಡೋರು ಬೇರೆ ಇಲ್ಲ.

ಮಾರನಹಳ್ಳಿಯಿಂದ ಒಳಗೆ, ಕಾಫಿ ತೋಟದ ನಡುವೆ ಒಂದು ಒಂಟಿ ಮನೆ. ಗಂಡ ಎಸ್ಟೇಟಿನ ರೈಟರು, ಆಳುಗಳ ಹಾಜರಿ ಹಾಕಿ ಕೆಲಸ ಮಾಡಿಸೋನು. ಕಾಫಿ ಗಿಡದ ದೊಣ್ಣೆ ಸದಾ ಕೈಯಲ್ಲಿ. ಹೆಂಡ್ತಿ ಕೆ. ಹೊಸಕೋಟೆ ಕಡೆಯ ಹುಡುಗಿ, ನನಗಿಂತ ಬಾಳ ಚಿಕ್ಕೋಳು. ಮೊದಲ ಸಲ ಹೋದಾಗ ಮೆಣಸು ಎಳೆದು ಹುಲ್ಲಿನ ಜಾಯಿಂಟು ಬಿಟ್ಟಿತ್ತು. ನಾನು ಅಂಟು ಕಲಸ್ತಾ ಕೂತಿದ್ದಾಗಲೇ ಗಂಡ ಅವಳ ಕೆನ್ನೆಗೆ ಬಾರಿಸ್ದ.

"ದರಿದ್ರದೋಳೆ, ತೋಟದ ಸಾಹುಕಾರ್ರು ಬಂದ್ರೆ ಈ ಹರಕು ತೋರಿಸ್ಲಾ?"

"ಏನ್ರೀ, ನನ್ನೆದುರಿಗೇ ಹೊಡೀತೀರಲ್ಲ" ಅಂದೆ.

"ನಿನ್ನ ಕೆಲಸ ನೀನು ನೋಡಮ್ಮ" ಅಂದ. ಕೆಲಸ ಮುಗಿಸಿ ಬಂದೆ.

ಎರಡನೇ ಸಲ ಕರೆದಾಗ ಬಾಗಿಲಿಂದ ನಲ್ಲಿವರೆಗೂ ಎರಡು ಗೀರು, ಜೋಡಿಯಾಗಿ. ಎಳೆ ಕಿತ್ತು ಕರೀ ತಳ ಕಾಣ್ತಿತ್ತು. ಏನಾಯ್ತವ್ವ ಅಂದ್ರೆ, ಹಂದಿ ಬಂದಿತ್ತು ಅಕ್ಕ ಅಂದ್ಲು. ಹಂದಿ ಮೂತಿ ತೂರಿಸಿದ್ರೆ ಹುಲ್ಲು ಮೇಲಕ್ಕೆದ್ದು ಗುಡ್ಡೆ ಆಗ್ತದೆ. ಇದು ಹಂಗಿರಲಿಲ್ಲ. ಕೈಯಾಡಿಸ್ತಾ ಹೋದ್ರೆ ಎಳೆಗಳ ಮಧ್ಯೆ ನೆಗ್ಗಿಹೋದ ಬೆಳ್ಳಿ ಕಾಲುಂಗುರ ಸಿಕ್ತು. ಬೋರಲು ಬಿದ್ದೋಳನ್ನ ಜುಟ್ಟು ಹಿಡಿದು ಎಳೆದವ್ನೆ, ಕಾಲುಂಗುರ ಸಿಕ್ಕಿ ಹುಲ್ಲು ಕಿತ್ತು ಬಂದದೆ. ಉಂಗುರ ಅವಳ ಕೈಗಿಟ್ಟೆ. ಅವಳು ಕೂದಲು ಸರಿಸಿ ತೋರಿಸಿದ್ಲು. ಕಿವಿ ಹಿಂದೆ ಅಂಗೈಯಗಲ ಚರ್ಮ ಸುಲಿದು ರಕ್ತ ಹೆಪ್ಪುಗಟ್ಟಿತ್ತು.

"ಪೊಲೀಸ್ರಿಗೆ ಹೇಳ್ಲಾ?"

"ಬೇಡ ಅಕ್ಕ. ಅವ್ರು ಬುದ್ಧಿ ಹೇಳಿ ಹೋದ್ರೆ ಅವತ್ತೇ ನನ್ನ ಮುಗಿಸ್ಬುಡ್ತಾನೆ. ಫೋನ್ ಕಿತ್ಕೊಂಡವ್ನೆ. ಗೇಟಿಗೆ ಬೀಗ ಜಡಿದು ಕೆಲಸಕ್ಕೆ ಹೋಗ್ತಾನೆ. ಅಮ್ಮನ ಮನೆ ಸೇರಿದ್ರೆ ಸಾಕು, ಬದುಕ್ಕೋತೀನಿ."

ಅವತ್ತು ಅವನು ಗೇಟಿಗೇ ಒರಗಿ ನಿಂತಿದ್ದ. "ನಾನು ಬಂದ ದಿನ ಗೇಟು ತೆಗ್ದೇ ಇರ್ತದೆ ಕಣವ್ವ, ಹುಲ್ಲಿನ ಎಳೆ ಮಧ್ಯೆ ತುಂಬೋ ಮರಳು ಚೀಲ ಹೊರಬೇಕಲ್ಲ. ನನ್ನ ಗೂಡ್ಸ್ ಆಟೋನೂ ಅಲ್ಲೇ ಇರ್ತದೆ. ಮುಂದಿನ ಸಲ ಹತ್ತಿಬುಡು" ಅಂತ ಪಿಸುಗುಟ್ಟಿ ಬಂದೆ. ಮುಂದಿನ ಸಲ ಯಾವಾಗ ಬರ್ತದೋ, ಅಷ್ಟರಲ್ಲಿ ಇವಳು ಉಳೀತಾಳೋ ಇಲ್ವೋ ಅಂತ ಆಮೇಲೆ ಊಟ ಸೇರಲಿಲ್ಲ.

ತಿಂಗಳು ತುಂಬೋಕೆ ಮುಂಚೆ ಅವನ ಫೋನು ಬಂತು. ಹೋಗಿ ನೋಡಿದ್ರೆ ಹುಲ್ಲು ಉದ್ದಕ್ಕೆ ಸೀಳಿತ್ತು, ನೂಲು ಹಿಡಿದಂಗೆ ನೇರ. ಸೊಪ್ಪು ಕೊಯ್ಯೋ ಕುಡ್ಲಲ್ಲಿ ಕುಯ್ದಿದ್ದು. ಯಾರು ಕುಯ್ದಿದ್ದು ಅಂತ ನಂಗೆ ಹೇಳೋರು ಬೇಕಿರಲಿಲ್ಲ. ಅವಳು ಕಾಫಿ ತಂದು ಕೊಟ್ಲು, ತಲೆ ತಗ್ಗಿಸಿಕೊಂಡು, ಸೆರಗು ತಲೆ ತುಂಬಾ ಹೊದ್ದು. ಅವನು ಜಗುಲಿ ಮೇಲೆ ದೊಣ್ಣೆ ಇಟ್ಕೊಂಡು ಕಾವಲು ಕೂತಿದ್ದ.

ತೇಪೆಗೆ ಅಂಟು ಬೇಕಾದಷ್ಟೇ ಬಳಿಯೋದು ಪದ್ಧತಿ. ಅವತ್ತು ಜಗುಲಿ ಮುಂದಿನ ಹುಲ್ಲನ್ನೆಲ್ಲ ಮಡಚಿ, ಡಬ್ಬ ಪೂರ್ತಿ ಸುರಿದು, ಜಗುಲಿಯ ಈ ತುದಿಯಿಂದ ಆ ತುದಿಗೆ ದಪ್ಪಗೆ ಬಳಿದೆ.

"ಇಷ್ಟೊಂದು ಯಾಕಮ್ಮ?"

"ಇನ್ನೊಂದ್ಸಲ ಏಳಬಾರದಲ್ಲ. ಒಣಗೋಗಂಟ ಜಗುಲಿ ಇಳೀಬೇಡಿ" ಅಂದೆ. ಆಟೋ ಕೀಲಿ ಸೊಂಟಕ್ಕೆ ಸಿಕ್ಕಿಸ್ಕೊಂಡು, "ಒಂದು ಚೊಂಬು ನೀರು ಕೊಡವ್ವ" ಅಂತ ಕೂಗ್ದೆ.

ಅವಳು ಹಿತ್ತಲ ಬಾಗಿಲಿಂದ, ಅಂಟು ತುಳೀದಂಗೆ ಮನೆ ಪಕ್ಕದಲ್ಲಿ ಬಳಸ್ಕೊಂಡು ಬಂದ್ಲು. ಚೊಂಬು ಎಸೆದು ಗೇಟಿಗೆ ಓಡಿದ್ಲು. ಅವನು ಜಗುಲಿಯಿಂದ ಹಾರಿದ. ಎರಡು ಹೆಜ್ಜೆಗೆ ಚಪ್ಪಲಿ ಅಂಟಿಗೆ ಕಚ್ಕೊಂಡ್ವು. ಮುಗ್ಗರಿಸಿ ಬಿದ್ದ ಏಟಿಗೆ ದವಡೆ ಹುಲ್ಲಿನ ಅಂಚಿಗೆ ನೆಟ್ಟ ಕಲ್ಲಿಗೆ ಬಡೀತು. ಹಲ್ಲು ಮುರಿದ ಸದ್ದು ನನಗೆ ಕೇಳಿಸ್ತು. ಬಾಯ್ತುಂಬ ರಕ್ತ, ಆದ್ರೂ ತೆವಳ್ಕೊಂಡು ಬಂದು ನನ್ನ ಸೀರೆ ಹಿಡಿದ, ದೊಣ್ಣೆ ಬೀಸಿ ಬೆನ್ನಿಗೆ ಕೊಟ್ಟ. ಉಸಿರು ನಿಂತಂಗಾಯ್ತು. ರಬ್ಬರ್ ಸುತ್ತಿಗೆ ತಗೊಂಡು ಸೀರೆ ಹಿಡಿದ ಕೈ ಮೇಲೆ ಹೊಡೆದೆ. ಬಿಡಲಿಲ್ಲ. ಬಿಡೋಗಂಟ ಹೊಡೆದೆ. ಬೆರಳು ಮುರಿದಿರಬೇಕು. ಪಾಪ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ.

ಆಟೋ ಘಾಟಿ ರಸ್ತೆಗೆ ಬಿದ್ದ ಮೇಲೆ ಅವಳ ಸೆರಗು ಗಾಳಿಗೆ ಜಾರ್ತು. ಒಂದು ಕಿವಿಯ ಹಾಲೆ ಇರಲಿಲ್ಲ, ಓಲೆ ಸಮೇತ ಕಿತ್ತಿದ್ದ.

"ಇದು ಯಾವಾಗ?"

"ನೆನ್ನೆ. ಹುಲ್ಲು ಕುಯ್ದಿದ್ದಕ್ಕೆ."

"ಹೊಡೀತಾನೆ ಅಂತ ಗೊತ್ತಿತ್ತಲ್ಲವ್ವ ನಿಂಗೆ."

"ಗೊತ್ತಿತ್ತು ಅಕ್ಕ." ಹೊಸಕೋಟೆ ರಸ್ತೆ ಕಡೆಗೇ ನೋಡ್ತಾ ಕೂತಿದ್ಲು. "ನನ್ನ ತಲೆ ಸುಲಿದಾಗ ಒಬ್ಬರನ್ನೂ ಕರೀಲಿಲ್ಲ ಅವನು. ಹುಲ್ಲು ಹರಿದ್ರೆ ಮಾತ್ರ ಅವತ್ತೇ ನಿಮಗೆ ಫೋನ್ ಮಾಡ್ತಿದ್ದ."