ಚಳಿ ಹಿಡಿದ ವೇಪು

ಕರಾವಳಿಯವರಾದ ನಮಗೆ ಚಳಿ ಎಂದರೇನೆಂದು ಸರಿಯಾಗಿ ಗೊತ್ತಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಉಡುಪಿಯಲ್ಲಿ ಡಿಸೆಂಬರಿನ ಒಂದು ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯೊಳಗೇ ಬೆಳ್ಳಗೆ ಗಟ್ಟಿಯಾದರೆ ಅದೇ ನಮ್ಮ ಹಿಮಪಾತ. ನಾನೀಗ ಇರುವ ಸೌದಿಯ ಜಿದ್ದಾದಲ್ಲಿ ಅಷ್ಟೂ ಇಲ್ಲ. ಅಜೀಜಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಚಳಿ ಬರುವುದು ಎ.ಸಿ. ರಿಮೋಟಿನಿಂದ, ಹೋಗುವುದು ಹೆಂಡತಿ ನಸೀಮಾ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಾಗ. ಹೀಗಿರುವಾಗ ಚಳಿಗೂ ನನ್ನ ವೇಪಿಗೂ, ಅಂದರೆ ಬ್ಯಾಟರಿಯ ಇ-ಸಿಗರೇಟಿಗೂ, ಸಂಬಂಧವಿದ್ದೀತೆಂದು ನನಗೆ ಹೊಳೆಯುವುದಾದರೂ ಹೇಗೆ?

ವೇಪಿನ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ, ಜೀವನವಿಡೀ ಬೀಡಿ ಸೇದಿದ ನನ್ನ ಮಾವ, ಅಂದರೆ ನಸೀಮಾಳ ತಂದೆ, ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದರು. ನೋಡಲು ಹೋದ ನನ್ನ ಕೈ ಹಿಡಿದು, "ನಾನು ಬೀಡಿ ಬಿಟ್ಟೆ, ನೀನೂ ಸಿಗರೇಟು ಬಿಡ್ಬೇಕು" ಎಂದರು. ಅಲ್ಲಾಹನ ಮೇಲೆ ಆಣೆ ಹಾಕಿದೆ. ಆಮೇಲೆ ಸಿಗರೇಟು ಮುಟ್ಟಿಲ್ಲ, ನಿಜ. ಆದರೆ ಆಣೆಯಲ್ಲಿ ವೇಪಿನ ಹೆಸರೇ ಇರಲಿಲ್ಲವಲ್ಲ! ಕಸ್ಟಮ್ಸ್ ಕ್ಲಿಯರಿಂಗ್ ಆಫೀಸಿನಲ್ಲಿ ವರ್ಷಗಟ್ಟಲೆ ಕಾಗದಪತ್ರ ತಿದ್ದಿದವನಿಗೆ ಶಬ್ದಗಳ ನಡುವಿನ ಸಂದು ಹುಡುಕುವುದು ಕಷ್ಟವಲ್ಲ. ಆ ಸಂದಿನಲ್ಲಿ ಮಾವಿನ ಹಣ್ಣಿನ ಪರಿಮಳದ ಲಿಕ್ವಿಡ್ ಸುರಿದುಕೊಂಡು ಸುಖವಾಗಿದ್ದೆ.

ಈ ಜನವರಿಯಲ್ಲಿ ಮಾವ ವಿಸಿಟ್ ವೀಸಾದಲ್ಲಿ ಬಂದರು. ಮಕ್ಕಾದಲ್ಲಿ ಉಮ್ರಾ ಯಾತ್ರೆ ಮುಗಿದದ್ದೇ ಅವರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು: ಸೌದಿಯ ಉತ್ತರದ ತಬೂಕಿನ ಕಡೆ ಹಿಮದ ಮೇಲೆ ಒಂಟೆಗಳು ಪೆಚ್ಚಾಗಿ ನಿಂತಿದ್ದವು. "ಮರಳಿನ ಊರಲ್ಲಿ ಹಿಮ ಅಂತೆ. ಒಮ್ಮೆ ಕಣ್ಣಲ್ಲಿ ನೋಡ್ಬೇಕಿತ್ತು ಮಾರಾಯ" ಎಂದರು. ಒಂದಿಡೀ ಹಗಲು ಕಾರು ಓಡಿಸಿ, ರಾತ್ರಿ ತಬೂಕಿನಲ್ಲಿ ಉಳಿದು, ಮಾರನೆಯ ಬೆಳಿಗ್ಗೆ ನಾವು ಮೂವರೂ ಬೆಟ್ಟ ಹತ್ತಿದೆವು.

ಗಾಳಿ ಮೂಗನ್ನೇ ಕತ್ತರಿಸಿಕೊಂಡು ಹೋಗುವಂತಿತ್ತು. ಮೂತ್ರಕ್ಕೆಂದು ಹೇಳಿ ಬಂಡೆಯ ಹಿಂದೆ ಹೋಗಿ ವೇಪು ಎಳೆದೆ. ಮಾವಿನ ಬದಲು ಸುಟ್ಟ ಬಟ್ಟೆಯ ರುಚಿ ಗಂಟಲಿಗಿಳಿಯಿತು. ಎಷ್ಟು ಕೆಮ್ಮಿದೆನೆಂದರೆ ಆಚೆಯಿಂದ ನಸೀಮಾ "ಎಂತ ಆಯ್ತು?" ಎಂದು ಕೂಗಿದಳು. "ಗಾಳಿ, ಗಾಳಿ" ಎಂದೆ. ಅಲ್ಲೇ ನಿಂತು ಫೋನಿನಲ್ಲಿ ಹುಡುಕಿದರೆ ಜ್ಞಾನೋದಯವಾಯಿತು. ಲಿಕ್ವಿಡ್‌ನಲ್ಲಿರುವುದು ಹೆಚ್ಚಾಗಿ ಗ್ಲಿಸರಿನ್. ತೆಂಗಿನೆಣ್ಣೆಯಂತೆ ಅದು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಚಳಿಗೆ ಜೇನಿನಷ್ಟು ಮಂದವಾಗಿ ಸೋಮಾರಿಯಾಗುತ್ತದೆ. ವೇಪಿನೊಳಗಿನ ಹತ್ತಿಯ ಬತ್ತಿಗೆ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ, ಒಣಗಿದ ಹತ್ತಿ ಸುಡುತ್ತದೆ. ಬ್ಯಾಟರಿಗೂ ಚಳಿಯಲ್ಲಿ ಜೀವವಿರುವುದಿಲ್ಲ. ಪರಿಹಾರ: ಬಾಟಲಿಯನ್ನು ಮೈಗೆ ತಾಗುವಂತೆ ಬೆಚ್ಚಗೆ ಇಟ್ಟುಕೊಳ್ಳಿ. ಕೋಳಿ ಮೊಟ್ಟೆಗೆ ಕಾವು ಕೊಡುವ ಶ್ರದ್ಧೆಯಿಂದ ಅದನ್ನು ಕೋಟಿನ ಒಳಜೇಬಿಗೆ ಇಳಿಸಿದೆ.

ಹಿಂದಿರುಗಿದಾಗ ಮಾವ ಸ್ವೆಟರಿನೊಳಗೆ ಗಡಗಡ ನಡುಗುತ್ತಿದ್ದರು. ಹಿಂದುಮುಂದು ನೋಡದೆ ನನ್ನ ಕೋಟು ಬಿಚ್ಚಿ ಅವರಿಗೆ ತೊಡಿಸಿದೆ. ನಸೀಮಾ ನನ್ನನ್ನು ಪ್ರೀತಿಯಿಂದ ನೋಡಿದಳು. ಎಂಥ ಅಳಿಯ ನಾನು ಎಂದು ನನಗೂ ಅನಿಸಿತು. ಥರ್ಮಾಸ್ ತರಲು ಕಾರಿನ ಬಳಿ ಹೋಗಿ ಬರುವಷ್ಟರಲ್ಲಿ ಬೆಟ್ಟದ ತುದಿಯಲ್ಲಿ ಮಾವಿನ ಹಣ್ಣಿನ ಘಮ ಎದ್ದಿತ್ತು.

"ಎಂತ ಒಳ್ಳೆ ಅತ್ತರು ಮಾರಾಯ ನಿಂದು!" ಮಾವ ಎರಡೂ ಮಣಿಕಟ್ಟಿಗೆ ತಿಕ್ಕಿಕೊಂಡು, ಗಡ್ಡಕ್ಕೂ ಸವರಿಕೊಂಡಿದ್ದರು. "ಸ್ವಲ್ಪ ದಪ್ಪ ಉಂಟು. ಆದ್ರೆ ಪರಿಮಳ ಭಾರೀ. ತಕೋ ಮಗಳೇ, ನೀನೂ ಹಾಕು."

ಔಷಧಿ ಎನ್ನಲೇ, ಹ್ಯಾಂಡ್ ಕ್ರೀಮ್ ಎನ್ನಲೇ? ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆದರೆ ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆಂದು ಬಾಟಲಿಯ ಮೇಲೆಯೇ ಎಚ್ಚರಿಕೆಯಿದೆ. ಮಾವನ ಎದೆಯೋ ಮೊದಲೇ ಸೋತದ್ದು. ಗಡ್ಡದಿಂದ ತುಟಿಗೆಷ್ಟು ದೂರ?

"ಅದು ಅತ್ತರಲ್ಲ ಮಾವ. ನಿಕೋಟಿನ್. ನಾನು ಸೇದುದು."

ನಸೀಮಾಳ ಚಾಚಿದ ಕೈ ಹಾಗೇ ನಿಂತಿತು. ನಾನು ಥರ್ಮಾಸಿನ ಬಿಸಿನೀರಿಗೆ ತಣ್ಣೀರು ಬೆರೆಸಿ, ಕಾರಿನಲ್ಲಿದ್ದ ಸೋಪಿನಿಂದ ಅವರ ಕೈ, ಗಡ್ಡ ಎರಡೆರಡು ಸಲ ತೊಳೆದೆ. ಅವರು ಮಗುವಿನ ಹಾಗೆ ಮುಖ ಎತ್ತಿ ಕೊಟ್ಟು ನಿಂತಿದ್ದರು.

"ಬಿಟ್ಟೆ ಅಂದಿದ್ದಿ."

"ಸಿಗರೇಟು ಬಿಟ್ಟಿದ್ದೇನೆ ಮಾವ. ಇದು ಹೊಗೆಯಲ್ಲ, ಆವಿ."

"ಹೌದಾ? ಆಸ್ಪತ್ರೆಯಲ್ಲಿ ನನ್ನ ಮೂಗಿಗೆ ಇಟ್ಟದ್ದೂ ಆವಿಯೇ. ಅದನ್ನು ಯಾರೂ ಬಂಡೆ ಹಿಂದೆ ಹೋಗಿ ಎಳಿಯುದಿಲ್ಲ."

ನಸೀಮಾ ಒದ್ದೆ ಗಡ್ಡವನ್ನು ತನ್ನ ಶಾಲಿನಿಂದ ಒರೆಸುತ್ತಾ, "ಈ ಪರಿಮಳ ಕಾರಿನ ಏರ್ ಫ್ರೆಶ್ನರ್‌ದ್ದು ಅಂತ ನಾನು ಎಣಿಸಿದ್ದು! ತಂಗಿಗೂ ಒಂದು ಕಳಿಸಿ ಅಂತ ನಿಮ್ಮಲ್ಲಿ ಹೇಳಿದ್ದು!" ಎಂದು ಬೈಯಲು ಹೊರಟವಳು ನಡುವೆಯೇ ನಕ್ಕುಬಿಟ್ಟಳು. ಬೈಗುಳವೇನೂ ತಪ್ಪಲಿಲ್ಲ, ವಾಪಸು ದಾರಿಯಲ್ಲಿ ಅರ್ಧ ದಿನ ಅದಕ್ಕೇ ಮೀಸಲಾಯಿತು.

ಮಾವನಿಗೆ ತಲೆಸುತ್ತು, ಓಕರಿಕೆ ಏನಾದರೂ ಬಂದೀತೆಂದು ನಾನು ಐದು ನಿಮಿಷಕ್ಕೊಮ್ಮೆ ಮುಖ ನೋಡುತ್ತಿದ್ದೆ. ಏನೂ ಆಗಲಿಲ್ಲ. ಒಂದು ಬಂಡೆಯ ನೆರಳಿನಲ್ಲಿ ಕರಗದೆ ಉಳಿದ ಹಿಡಿಯಷ್ಟು ಹಿಮ ಸಿಕ್ಕಿತು. ಅಂಗೈಯಲ್ಲಿಟ್ಟುಕೊಂಡು ಅದು ನೀರಾಗುವವರೆಗೂ ಮಾವ ನೋಡುತ್ತಾ ನಿಂತರು.

ಅವರು ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ ನಾನಾಗಿಯೇ ಅವರ ಕೈ ಹಿಡಿದೆ. "ಮಾವ, ಈ ಸಲ ವೇಪಿಗೂ ಸೇರಿಸಿ ಆಣೆ ಹಾಕ್ತೇನೆ."

"ಬೇಡ," ಎಂದರು. "ಆಣೆ ಹಾಕಿದ್ರೆ ನೀನು ಶಬ್ದದಲ್ಲಿ ಸಂದು ಹುಡುಕ್ತಿ. ಸುಮ್ಮನೆ ಬಿಡು."

ಬಿಟ್ಟು ಹನ್ನೊಂದು ವಾರವಾಯಿತು. ಆಣೆಯಿಲ್ಲದೆ ಬಿಡುವುದು ಬಹಳ ಕಷ್ಟ. ನುಸುಳಿಕೊಳ್ಳಲು ಒಂದು ಸಂದೂ ಸಿಗುವುದಿಲ್ಲ.