ಗದ್ದಿಗೆಯ ಹುಲ್ಲಿನ ಮೇಲೆ ಒಂದು ಇಂಗ್ಲಿಷ್ ಪದ್ಯ

ಮಡಿಕೇರಿಯಲ್ಲಿ ಡಿಗ್ರಿ ಓದುವಾಗ ನಾನೂ ನನ್ನ ಗೆಳೆಯನೂ ಪರೀಕ್ಷೆಗೆ ಓದಿಕೊಳ್ಳಲು ಗದ್ದಿಗೆಗೆ ಹೋಗುತ್ತಿದ್ದೆವು. ಕೊಡಗಿನ ಹಳೆಯ ರಾಜರ ಸಮಾಧಿಗಳು ಅವು. ನಮ್ಮ ಮಟ್ಟಿಗೆ ಅಲ್ಲಿದ್ದದ್ದು ಹುಲ್ಲು, ನೆರಳು, ಮತ್ತು ಬಾಡಿಗೆ ರೂಮಿನಲ್ಲಿ ಸಿಗದ ಮೌನ. ಸಮಾಧಿಯ ಗೋಡೆಗೆ ಬೆನ್ನು ಕೊಟ್ಟು ಕೂತು, ಅಧಿಕಾರ ಶಾಶ್ವತವಲ್ಲ ಎನ್ನುವ ಇಂಗ್ಲಿಷ್ ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದೆವು. ಅದರ ವಿಚಿತ್ರ ಆಗ ನಮಗೆ ಹೊಳೆದಿತ್ತೇ? ಹೊಳೆದು ಇಬ್ಬರೂ ನಕ್ಕಿದ್ದೆವು ಎಂದು ಹಲವು ಕಡೆ ಹೇಳಿದ್ದೇನೆ. ಆ ನಗು ನಾನು ಮುಂದೆ ಮೈಸೂರಿನಲ್ಲಿ ಎಂ.ಎ. ಓದುವಾಗ ಸೇರಿಸಿಕೊಂಡದ್ದು ಎಂದು ಈಗ ಅನುಮಾನ.

ಪದ್ಯ ಹಳೆಯದು, ಚಿಕ್ಕದು. ಮರಳುಗಾಡಿನಲ್ಲಿ ಮಹಾರಾಜನೊಬ್ಬನ ಭಾರೀ ವಿಗ್ರಹ ಒಡೆದು ಬಿದ್ದಿದೆ. ಕಾಲು ಒಂದು ಕಡೆ, ಮುಖ ಇನ್ನೊಂದು ಕಡೆ. ಪೀಠದ ಮೇಲೆ ಅವನ ಜಂಬದ ಮಾತು ಉಳಿದಿದೆ. ಸುತ್ತಲೂ ಬರೀ ಮರಳು.

ಗೆಳೆಯ ಅರ್ಚಕರ ಮನೆಯವನು. ಊರಿನ ದೇವಸ್ಥಾನದ ಪೂಜೆ ತಲೆತಲಾಂತರದಿಂದ ಅವರದ್ದೇ. ಬೇರೆ ಎಲ್ಲದರಲ್ಲೂ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲ ಫೇಲಾಗಿದ್ದ. ಮೂರನೆಯ ಸಲವೂ ಹೋದರೆ ಊರಿಗೆ ಬಂದು ಪೂಜೆ ವಹಿಸಿಕೊಳ್ಳಬೇಕು ಎಂದು ಅವನ ಅಪ್ಪ ಹೇಳಿಬಿಟ್ಟಿದ್ದರು. ಪಾಸಾದರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು, ಪೂಜೆಗೆ ತಮ್ಮನಿದ್ದ. ದೇವರ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ. "ಒದ್ದೆ ಪಂಚೆಯಲ್ಲಿ ಜೀವನ ಇಡೀ ನಡುಗಿಕೊಂಡು ನಿಲ್ಲಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ" ಎನ್ನುತ್ತಿದ್ದ.

ಅವನಿಗೆ ಪದ್ಯವನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದೆ. ಅರ್ಥವಾಯಿತು. ತೊಂದರೆ ಶುರುವಾದದ್ದೇ ಆಮೇಲೆ.

"ಭಿನ್ನ ಆದ ವಿಗ್ರಹವನ್ನು ಹಾಗೇ ಬಿಟ್ಟದ್ದು ಎಂತಕ್ಕೆ?" ಎಂದು ಕೇಳಿದ.

"ಎಂತಕ್ಕೆ ಅಂದ್ರೆ? ರಾಜ್ಯ ಹಾಳಾಯ್ತು ಕಣೋ. ಅದೇ ಪದ್ಯ."

"ಅದಲ್ಲ. ಒಡೆದ ಮೂರ್ತಿ ಇಟ್ಟುಕೊಳ್ಳಲಿಕ್ಕಿಲ್ಲ, ನೀರಿಗೆ ಬಿಡಬೇಕು. ಅವನ ಕಡೆಯವರು ಒಬ್ಬರೂ ಇರಲಿಲ್ಲವಾ?"

"ಅದು ದೇವರಲ್ವೋ, ರಾಜ."

ಅವನು ಹೆಬ್ಬೆರಳಿನಿಂದ ಬೆನ್ನ ಹಿಂದಿನ ಗೋಡೆ ತೋರಿಸಿದ. "ಇವರು ರಾಜರಲ್ಲವಾ? ಒಳಗೆ ದೀಪ ಉಂಟು, ಹೂ ಉಂಟು. ಅಲ್ಲಿ ಕೇಳುವವರು ಇಲ್ಲದ್ದಕ್ಕೆ ಹಾಗೆ ಆದದ್ದು. ಜಂಬಕ್ಕೆ ಅಲ್ಲ."

"ಇದನ್ನ ಬರೆದ್ರೆ ಸೀದಾ ಊರಿಗೆ ಹೋಗಿ ಗಂಟೆ ಅಲ್ಲಾಡಿಸ್ಬೇಕಾಗುತ್ತೆ, ಭಟ್ರೇ."

ಗೈಡು ನೋಡಿ ಒಂದು ಉತ್ತರ ಬರೆದುಕೊಟ್ಟೆ. ಅಹಂಕಾರ, ಕಾಲ, ವ್ಯಂಗ್ಯ ಎಲ್ಲ ಇದ್ದವು. ಅವನು ಹುಲ್ಲಿನ ಮೇಲೆ ಓಡಾಡುತ್ತಾ ಉರು ಹೊಡೆದ. ಒಳಗೆ ದೀಪ ಇದ್ದದ್ದು ನಿಜವೇ ಎಂದು ನಾನು ಎದ್ದು ನೋಡಿದೆನೋ ಇಲ್ಲವೋ, ಹೇಳಲಾರೆ.

ಇಂಗ್ಲಿಷನ್ನು ನಾನು ಮೊದಲೇ ಪಾಸು ಮಾಡಿಕೊಂಡಿದ್ದೆ, ಅವನ ಪರೀಕ್ಷೆಯ ದಿನ ಹೊರಗೆ ಕಾಯುತ್ತಿದ್ದೆ. ಅವನು ಬಂದು, ಆ ಪದ್ಯದ ಪ್ರಶ್ನೆಯೇ ಬಂದಿತ್ತು ಎಂದ. "ಏನ್ ಬರೆದೆ?" ಎಂದರೆ "ಬರೆದೆ" ಎಂದ, ಅಷ್ಟೇ. ಅಂಚಿನ ಅಂಕಗಳಲ್ಲಿ ಪಾಸಾದ.

ಆ "ಬರೆದೆ" ಎಂಬ ಒಂದು ಮಾತಿನ ಮೇಲೆ ನಾನು ಇಡೀ ಕಥೆ ಕಟ್ಟಿದೆ. ಮೇಷ್ಟರಾದ ಮೇಲೆ ಆ ಪದ್ಯ ಪಾಠ ಮಾಡಿದಾಗಲೆಲ್ಲ ಹೇಳಿದೆ: ನನ್ನ ಗೆಳೆಯ ಗೈಡಿನ ಉತ್ತರ ಬಿಟ್ಟು, ಒಡೆದ ವಿಗ್ರಹವನ್ನು ನೀರಿಗೆ ಬಿಡಬೇಕಿತ್ತು ಎಂದು ಬರೆದ, ಯಾರೋ ಪುಣ್ಯಾತ್ಮರು ಮೆಚ್ಚಿ ಪಾಸು ಮಾಡಿದರು. ಹೇಳಿ ಹೇಳಿ, ಉತ್ತರಪತ್ರಿಕೆಯಲ್ಲಿ ಅವನ ವಕ್ರ ಅಕ್ಷರ ಕಣ್ಣಾರೆ ನೋಡಿದಷ್ಟು ಅದು ನನಗೆ ಸ್ಪಷ್ಟವಾಗಿತ್ತು.

ಕಳೆದ ವರ್ಷ ವಿರಾಜಪೇಟೆಯ ಒಂದು ಮದುವೆಯಲ್ಲಿ ಅವನು ಸಿಕ್ಕಿದ. ಹಾರಂಗಿ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿದ್ದಾನೆ. ಊಟಕ್ಕೆ ಕೂತಾಗ ಅವನ ಹೆಂಡತಿಗೆ ಈ ಕಥೆ ಹೇಳಿದೆ. ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿದ.

"ಯಾರು ಬರೆದದ್ದು? ನಾನಾ?"

"ಮತ್ತಿನ್ಯಾರು?"

"ನೀನು ಕೊಟ್ಟದ್ದನ್ನೇ ಬರೆದದ್ದು ಮಾರಾಯ. ಕಾಮಾ ಸಮೇತ."

"ಹಾಗಾದ್ರೆ ಪಾಸಾದದ್ದು ಇವರಲ್ಲ, ನೀವು" ಎಂದು ಅವನ ಹೆಂಡತಿ ನಕ್ಕರು.

ನಾನೂ ನಕ್ಕೆ, ಆದರೆ ಒಳಗೆ ಏನೋ ಕಳೆದುಕೊಂಡ ಹಾಗಾಯಿತು. "ನಿಂದೇ ಒಳ್ಳೇ ಉತ್ತರ ಆಗಿತ್ತು ಕಣೋ. ಅದನ್ನೇ ಬರೀಬೇಕಿತ್ತು" ಎಂದೆ.

"ಚೆನ್ನಾಯ್ತು! ನಿನಗೊಂದು ಕಥೆ ಸಿಗಲಿಕ್ಕೆ ನಾನು ಇನ್ನೊಮ್ಮೆ ಫೇಲಾಗಬೇಕಿತ್ತಾ?" ಎಂದು ಪಾಯಸ ಹಾಕಿಸಿಕೊಂಡ.

ಅವನ ನೆನಪನ್ನೂ ಅನುಮಾನಿಸಬಹುದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅದಕ್ಕೂ ಪ್ರಯತ್ನಿಸಿದೆ. ಆದರೆ ಆ ಬೆಳಿಗ್ಗೆ ಪರೀಕ್ಷೆಗೆ ಒಳಗೆ ಕೂತವನು ಅವನು, ಆ ಉತ್ತರದ ಮೇಲೆ ನಿಂತಿದ್ದದ್ದು ಅವನ ಬದುಕು. ನಾನು ಹೊರಗೆ ಬೇಸರದಿಂದ ಗಡಿಯಾರ ನೋಡುತ್ತಿದ್ದವನು.

ಈ ವರ್ಷ ಪಾಠ ಮಾಡುವಾಗ ಪರೀಕ್ಷೆಯ ಭಾಗ ಕೈಬಿಟ್ಟೆ. ಗೆಳೆಯನೊಬ್ಬ ಹೀಗೊಂದು ಪ್ರಶ್ನೆ ಕೇಳಿದ್ದ ಎಂದಷ್ಟೇ ಹೇಳಿದೆ. ಬರೆದುಕೊಳ್ಳುತ್ತಿದ್ದ ಒಬ್ಬಳು ತಲೆಯೆತ್ತಿ, "ಸರ್, ಹೀಗೆ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?" ಎಂದಳು.

"ಗೊತ್ತಿಲ್ಲಮ್ಮ" ಎಂದೆ.

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.