ಸಿದರಾಯ ಕಾಕಾನ ಬಟ್ಟಲಿಗೆ ಬಿದ್ದ ತುಳಸಿ

ನಮ್ಮ ಶಿವಬಸವ ನಗರದ ಓಣಿಯಲ್ಲಿ ಸಿದರಾಯ ಕಾಕಾ ಎಂದರೆ ಸಂಶಯದ ಗಿರಾಕಿ. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಮಲಗಿದವನಿಗೆ ನಿಜವಾಗಿ ನಿದ್ದೆ ಬಂದಿದೆಯೋ, ಟಿಕೆಟ್ ತಪ್ಪಿಸಲು ಕಣ್ಣು ಮುಚ್ಚಿದ್ದಾನೋ ಎಂದು ನೋಡಿ ನೋಡಿ, ನಿವೃತ್ತಿಯಾದ ಮೇಲೆ ಆ ಕಣ್ಣನ್ನು ಮನೆಯವರ ಮೇಲೆ ಇಟ್ಟರು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ. ಇಂಥವರ ಜೊತೆ ಹೆಂಡತಿ ಪದ್ಮವ್ವ ಕಾಕು ಹೇಗೆ ಬಾಳಿದರೋ, ನನಗಂತೂ ತಿಳಿಯದು.

ಕಳೆದ ತಿಂಗಳು ಹೊಟ್ಟೆನೋವೆಂದು ಕಾಕಾನನ್ನು ಆಸ್ಪತ್ರೆಗೆ ತೋರಿಸಿದರು. ರಿಪೋರ್ಟು ನೋಡಿದ ಮಗ ಬಾಳೇಶ, ಏನೂ ಇಲ್ಲ, ಖಾರ ಬಿಟ್ಟರೆ ಸಾಕು ಎಂದ. ಏನೂ ಇಲ್ಲ ಎಂದರೆ ಏನೋ ಇದೆ ಎಂದೇ ಕಾಕಾ ತಿಳಿದರು. ಸೊಸೆ ಸಪ್ನಾ ಮೊಬೈಲು ಹಿಡಿದು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಕಂಡ ಮೇಲಂತೂ ಊಟ ಸೇರದಾಯಿತು. ಪಕ್ಕದ ಮನೆಯವನಾದ ನನ್ನ ಹತ್ತಿರ ಬಂದು, ಸಾಯಲು ಹೆದರಿಕೆಯಾಗುತ್ತದೆ ಎಂದು ಹೇಳಿಕೊಂಡರು.

ಅತ್ತೆ ಸೊಸೆ ಪಿಸುಗುಟ್ಟಿದ್ದು ವಿಯೆಟ್ನಾಂ ಶಾವಿಗೆಯ ಬಗ್ಗೆ. ಸಪ್ಪೆ ಊಟಕ್ಕೆ ಮಾವ ಮುಖ ಸಿಂಡರಿಸುತ್ತಾರೆಂದು ಸಪ್ನಾ ಅದನ್ನು ಹುಡುಕಿದ್ದಳು. ಎರಡನೇ ಶನಿವಾರ ಮಧ್ಯಾಹ್ನ ನನ್ನನ್ನೂ ಊಟಕ್ಕೆ ಕರೆದಳು. ಈರುಳ್ಳಿ, ಶುಂಠಿ ಸುಟ್ಟು, ಚಕ್ಕೆ ಹಾಕಿ ಕುದಿಸಿದ ತಿಳಿಸಾರು. ಅಗಲ ಬಟ್ಟಲಲ್ಲಿ ಅಕ್ಕಿ ಶಾವಿಗೆ, ಹೆಸರು ಮೊಳಕೆ, ಗಜ್ಜರಿ, ಹುರಿದ ಶೇಂಗಾ. ಕಾಕಾ ಒಂದೊಂದನ್ನೂ ಬೆರಳಿಂದ ಸರಿಸಿ ತಪಾಸಣೆ ಮಾಡಿದರು. ಕೊನೆಗೆ ಸಪ್ನಾ ನಾಲ್ಕು ತುಳಸಿ ಎಲೆ ಹಾಕಿ ಮೇಲೆ ಬಿಸಿ ಸಾರು ಸುರಿದಳು.

ಕಾಕಾನ ಕೈ ಅಲ್ಲೇ ನಿಂತಿತು. ನಮ್ಮಲ್ಲಿ ತುಳಸಿ ನೀರು ಬಿಡುವುದು ಹೋಗುವ ಜೀವದ ಬಾಯಿಗೆ. ಅವರು ಹೆಂಡತಿಯ ಕಡೆ ತಿರುಗಿದರು.

"ನಾ ಹೋಗೂದು ಖರೇ ಆತು. ನಿನಗ ಒಂದ್ ಮಾತು ಹೇಳಿಬಿಡ್ತೀನಿ."

ಖಾನಾಪುರದಲ್ಲಿದ್ದ ಪದ್ಮವ್ವನ ಅಕ್ಕ ನಿಂಗವ್ವನ ಮನೆಯವರ ಜೊತೆ ಕಾಕಾ ಹಿಂದೊಮ್ಮೆ ಜಗಳಾಡಿ ಹೋಗಿಬರುವುದನ್ನು ನಿಲ್ಲಿಸಿದ್ದರಂತೆ. ಆಮೇಲೆ ಹೆಂಡತಿ ಗುರುವಾರಕ್ಕೊಮ್ಮೆ ಡಬ್ಬಿ ಹಿಡಿದು ಎಲ್ಲಿಗೋ ಹೋಗುತ್ತಾಳೆಂದು ಗೊತ್ತಾಗಿ, ರಜೆ ಹಾಕಿ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು, ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಬೆನ್ನುಹತ್ತಿದ್ದರಂತೆ.

"ಕಿಡಕ್ಯಾಗಿಂದ ನೋಡಿದೆ. ಹಾಸಿಗಿ ಹಿಡಿದ ಅಕ್ಕಗ ತಲಿ ಹಿಕ್ಕಿ ಹೆರಳು ಹಾಕಾಕತ್ತಿದ್ದಿ. ಸುಮ್ಮ ತಿರುಗಿ ಬಂದೆ. ಆಕಿ ಸಾಯೂತನಕಾ, ಹೋಗಿ ಬಾ ಅಂತ ಒಂದ್ ಮಾತು ನಿನಗ ಅನ್ನಲಿಲ್ಲ. ತಪ್ಪಾತು."

ಸಪ್ನಾ ಸೌಟು ಹಿಡಿದೇ ನಿಂತಿದ್ದಳು. ಆ ದೇಶದವರು ಹಾಕುವ ಬೇಸಿಲ್ ಸೊಪ್ಪು ಪ್ಯಾಟಿಯಲ್ಲಿ ಸಿಗಲಿಲ್ಲ, ಅದರ ಜಾತಿಯದೇ ಎಂದು ಹಿತ್ತಲಿನ ತುಳಸಿ ಹಾಕಿದೆ ಎಂದು ಹೇಳುವಷ್ಟರಲ್ಲಿ ಅತ್ತುಬಿಟ್ಟಳು. ರಿಪೋರ್ಟು ತಂದು ನನ್ನ ಕೈಗಿಟ್ಟಳು. ಹೊಟ್ಟೆಯಲ್ಲಿ ಸಣ್ಣ ಹುಣ್ಣು, ಗುಳಿಗೆಗೆ ಮಾಯುವಂಥದ್ದು. ಕಾಕಾ ಅದನ್ನು ಕಿತ್ತುಕೊಂಡು ತಮ್ಮ ಹೆಸರನ್ನು ಎರಡು ಸಲ ಓದಿದರು. ಬದುಕಿದ್ದಕ್ಕೆ ಹಿಗ್ಗಬೇಕೋ, ಬಾಯಿಬಿಟ್ಟದ್ದಕ್ಕೆ ನಾಚಬೇಕೋ ತಿಳಿಯದೆ ಕುಳಿತರು.

ಪದ್ಮವ್ವ ಬಟ್ಟಲಿಗೆ ನಿಂಬೆ ಹಿಂಡಿ ಅವರ ಮುಂದೆ ಸರಿಸಿದರು.

"ನೀವು ಹಿಂದ ಕುಂತದ್ದು ನನಗ ಆವತ್ತs ಗೊತ್ತಿತ್ತು. ಕಂಡಕ್ಟರ್ ನಿಮ್ಮನ್ನ ಟಿಕೆಟ್ ಕೇಳಲಿಲ್ಲಲ್ಲಾ, ಯಾಕ? ಎರಡೂ ನಾನs ತಗೊಂಡಿದ್ದೆ. ಒಳಗ ಬರ್ತೀರಿ ಅಂತ ಅಕ್ಕನ ಮನಿ ಬಾಗಲಾನೂ ತೆರದs ಇಟ್ಟಿದ್ದೆ."